ರೇಡಿಯೇಷನ್ ಬಗ್ಗೆ ಬರುವ ಅಧ್ಯಯನಗಳನ್ನು ನಾನು ಓದುವ ಬಗೆ

ಮಂಗಳೂರಿನ ಒಂದು ಆಸ್ಪತ್ರೆಯ ರೇಡಿಯೋಥೆರಪಿ ವಿಭಾಗದಲ್ಲಿ ನಾನು ಮೆಡಿಕಲ್ ಫಿಸಿಸಿಸ್ಟ್. ಕ್ಯಾನ್ಸರ್ ರೋಗಿಗೆ ಎಷ್ಟು ವಿಕಿರಣ ಕೊಡಬೇಕು, ಯಾವ ಕಡೆಯಿಂದ ಕೊಡಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಬೆಳಗ್ಗೆ ಮೊದಲ ರೋಗಿ ಬರುವ ಮುಂಚೆ ಮೆಷಿನ್ನಿನ ಡೋಸ್ ಅಳೆಯುತ್ತೇವೆ. ನೂರಕ್ಕೆ ಮೂರಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡರೆ ಕಾರಣ ಸಿಗುವ ತನಕ ಚಿಕಿತ್ಸೆ ಶುರು ಮಾಡುವುದಿಲ್ಲ.

ನನ್ನ ಕೆಲಸ ಇಂಥದ್ದು ಎಂದು ಗೊತ್ತಿರುವ ಸಂಬಂಧಿಕರು, ನೆರೆಮನೆಯವರು ಆಗಾಗ ಪಿಡಿಎಫ್ ಕಳುಹಿಸುತ್ತಾರೆ. ಮನೆ ಹತ್ತಿರ ಟವರ್ ಬಂದಿದೆ, ಮಗುವಿಗೆ ಸಿಟಿ ಸ್ಕ್ಯಾನ್ ಬರೆದಿದ್ದಾರೆ, ತೋಟದ ಮೇಲೆ ಹೈಟೆನ್ಷನ್ ಲೈನ್ ಹೋಗುತ್ತದೆ, ಇದರಲ್ಲಿ ಹೀಗೆ ಬರೆದಿದ್ದಾರೆ, ನಿಜವಾ? ಹೆದರಿದವರಿಗೆ ಸುಮ್ನೆ "ಏನೂ ಆಗುವುದಿಲ್ಲ" ಎಂದು ಹೇಳಿ ಕಳುಹಿಸಲು ನನಗೆ ಮನಸ್ಸಾಗುವುದಿಲ್ಲ. ಕಳುಹಿಸಿದ್ದನ್ನು ಓದುತ್ತೇನೆ.

ಓದುವಾಗ ಕೊನೆಯ ತೀರ್ಮಾನಕ್ಕೆ ಮೊದಲು ಹೋಗುವುದಿಲ್ಲ. ಮಧ್ಯದ ಪುಟಗಳಿಗೆ ಹೋಗಿ ಒಂದೇ ವಿಷಯ ಹುಡುಕುತ್ತೇನೆ: ಇವರು ಡೋಸ್ ಹೇಗೆ ಅಳೆದರು? ಯಾರಿಗೆ ಎಷ್ಟು ವಿಕಿರಣ ತಾಗಿತು ಎಂದು ಇವರಿಗೆ ಹೇಗೆ ಗೊತ್ತಾಯಿತು? ಅದು ಸರಿ ಇಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ತಕ್ಕಡಿ ಇಲ್ಲದೆ ಅಡಿಕೆ ತೂಗಿದ ಹಾಗೆ.

ಮೊಬೈಲ್ ಫೋನಿನ ಅಧ್ಯಯನಗಳನ್ನೇ ನೋಡಿ. 2010ರಲ್ಲಿ ಬಂದ ಇಂಟರ್‌ಫೋನ್ ಅಧ್ಯಯನ 13 ದೇಶಗಳಲ್ಲಿ ನಡೆದದ್ದು. ಮಿದುಳಿನ ಗಡ್ಡೆ ಇರುವವರನ್ನೂ ಇಲ್ಲದವರನ್ನೂ "ನೀವು ಇಷ್ಟು ವರ್ಷ ಎಷ್ಟು ಹೊತ್ತು ಫೋನಿನಲ್ಲಿ ಮಾತಾಡಿದ್ದೀರಿ" ಎಂದು ಕೇಳಿದರು. ಅತಿ ಜಾಸ್ತಿ ಮಾತಾಡಿದ ಹತ್ತನೇ ಒಂದು ಭಾಗದವರಲ್ಲಿ ಗ್ಲಿಯೋಮಾ ಎಂಬ ಗಡ್ಡೆಯ ಅಪಾಯ ಶೇಕಡಾ 40 ಜಾಸ್ತಿ ಕಂಡಿತು. ನನಗೆ ಬರುವ ಪಿಡಿಎಫ್‌ಗಳಲ್ಲಿ ಈ ಸಂಖ್ಯೆ ಖಾಯಂ ಇರುತ್ತದೆ. ಆದರೆ ಅದೇ ಅಧ್ಯಯನದಲ್ಲಿ, ಫೋನ್ ಬಳಸದವರಿಗಿಂತ ಸಾಮಾನ್ಯ ಬಳಕೆದಾರರಲ್ಲಿ ಗ್ಲಿಯೋಮಾ ಶೇಕಡಾ 19 ಕಡಿಮೆ ಎಂದೂ ಇದೆ. ಫೋನ್ ಗಡ್ಡೆಯನ್ನು ತಡೆಯುತ್ತದೆ ಎಂದು ಯಾರಾದರೂ ನಂಬುತ್ತಾರಾ? ಹತ್ತು ವರ್ಷದ ಹಿಂದೆ ದಿನಕ್ಕೆ ಎಷ್ಟು ನಿಮಿಷ ಮಾತಾಡಿದೆ ಎಂದು ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ತನಗೆ ಈ ರೋಗ ಯಾಕೆ ಬಂತು ಎಂದು ರಾತ್ರಿಯೆಲ್ಲ ಯೋಚಿಸುವ ರೋಗಿಗೆ ನೆನಪಾಗುವ ಲೆಕ್ಕವೇ ಬೇರೆ. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಮಾತಾಡಿದೆ ಎಂದು ಹೇಳಿದವರು ಆರೋಗ್ಯವಂತರಿಗಿಂತ ರೋಗಿಗಳಲ್ಲೇ ಹೆಚ್ಚಿದ್ದರು. ಇದನ್ನೆಲ್ಲ ಅಧ್ಯಯನ ಮಾಡಿದವರೇ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ. ಫಾರ್ವರ್ಡ್ ಮಾಡುವವರು ಆ ಪುಟವನ್ನು ಬಿಟ್ಟುಬಿಡುತ್ತಾರೆ.

ಧೈರ್ಯ ಕೊಡುವ ಅಧ್ಯಯನವನ್ನೂ ಇದೇ ಅಳತೆಗೋಲಿನಿಂದ ನೋಡಬೇಕು. ಡೆನ್ಮಾರ್ಕ್‌ನಲ್ಲಿ 1982ರಿಂದ 1995ರ ತನಕ ಮೊಬೈಲ್ ಕನೆಕ್ಷನ್ ತೆಗೆದುಕೊಂಡ ಸುಮಾರು 4.2 ಲಕ್ಷ ಜನರನ್ನು ಹಿಂಬಾಲಿಸಿದರು. ಕ್ಯಾನ್ಸರ್ ಹೆಚ್ಚಾಗಿರಲಿಲ್ಲ. "ನೋಡಿ, ಫೋನ್ ಸೇಫ್" ಎನ್ನುವವರು ಇದನ್ನು ಎತ್ತಿ ಹಿಡಿಯುತ್ತಾರೆ. ಇಲ್ಲಿ ಡೋಸ್ ಎಂದರೆ ಬಿಲ್ ಯಾರ ಹೆಸರಿನಲ್ಲಿದೆ ಎಂಬುದು ಮಾತ್ರ. ಕಂಪನಿ ಹೆಸರಿನ ಫೋನ್ ಇದ್ದವರು "ಫೋನ್ ಇದ್ದವರ" ಲೆಕ್ಕದಿಂದ ಹೊರಗೆ. ಆ ಕಾಲದಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಿದ್ದವರು ಅವರೇ ಇರಬೇಕು, ಅವರು "ಫೋನ್ ಇಲ್ಲದವರ" ಗುಂಪಿಗೆ ಸೇರಿದರು. 1995ರ ನಂತರ ಫೋನ್ ಕೊಂಡವರೂ ಅದೇ ಗುಂಪಿನಲ್ಲಿ. ಎರಡು ಗುಂಪು ಹೀಗೆ ಕಲಸಿಹೋದರೆ ಇರುವ ವ್ಯತ್ಯಾಸವೂ ಕಾಣುವುದಿಲ್ಲ. ಈ ಒಂದು ಅಧ್ಯಯನದ ಬಲದಿಂದ ನಾನು ಯಾರಿಗೂ ಧೈರ್ಯ ಹೇಳುವುದಿಲ್ಲ. ಧೈರ್ಯ ಹೇಳಲು ನನ್ನ ಹತ್ತಿರ ಬೇರೆ ಆಧಾರ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ 63 ಅಧ್ಯಯನಗಳನ್ನು ಗುಣಮಟ್ಟ ನೋಡಿ ತೂಗಿದ್ದಾರೆ. ಫೋನಿಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಂಡಿಲ್ಲ. ಫೋನಿನ ಅಲೆಗೆ ಎಕ್ಸ್‌ರೇ ಹಾಗೆ ಡಿಎನ್‌ಎ ಮುರಿಯುವಷ್ಟು ಶಕ್ತಿ ಇಲ್ಲ ಎಂಬ ಭೌತಶಾಸ್ತ್ರವೂ ಇದರ ಜೊತೆಗಿದೆ.

ದುಡ್ಡು ಕೊಟ್ಟವರು ಯಾರು ಎಂದು ನೋಡುವುದಿಲ್ಲವಾ ಎಂದು ಕೇಳುತ್ತಾರೆ. ನೋಡುತ್ತೇನೆ. ಆದರೆ ಅಷ್ಟಕ್ಕೇ ಓದುವುದನ್ನು ನಿಲ್ಲಿಸುವುದಿಲ್ಲ. ಕಂಪನಿ ದುಡ್ಡಿನ ಅಧ್ಯಯನದಲ್ಲಿ ಅಳತೆ ಚೆನ್ನಾಗಿರಬಹುದು, ಯಾರ ದುಡ್ಡೂ ಇಲ್ಲದ ಅಧ್ಯಯನದಲ್ಲಿ ಅಳತೆಯೇ ಇಲ್ಲದಿರಬಹುದು.

ಉಡುಪಿ–ಕಾಸರಗೋಡು 400 ಕೆವಿ ಲೈನ್‌ನ ವಿಷಯದಲ್ಲಿ ಕೆಲವು ಅಡಿಕೆ ಬೆಳೆಗಾರರು ನನ್ನ ಹತ್ತಿರ ಬಂದಿದ್ದರು. ತೋಟ ಹೋಗುವ ಸಂಕಟ ಅವರದ್ದು. ಅರ್ಜಿಯಲ್ಲಿ ಮೊದಲ ಸಾಲೇ ಕ್ಯಾನ್ಸರ್.

"ಮೇಡಂ, ಮಕ್ಕಳಿಗೆ ರಕ್ತದ ಕ್ಯಾನ್ಸರ್ ಡಬಲ್ ಅಂತ ಇದರಲ್ಲಿ ಉಂಟಲ್ಲ?"

"ಉಂಟು. ಅದರ ಕೆಳಗಿನ ಟೇಬಲ್ ಒಟ್ಟಿಗೆ ಓದುವ" ಎಂದೆ.

ಅವರು ತೋರಿಸಿದ್ದು 2000ದಲ್ಲಿ ಬಂದ, ಒಂಬತ್ತು ಅಧ್ಯಯನಗಳನ್ನು ಒಟ್ಟು ಸೇರಿಸಿದ ಲೆಕ್ಕ. ಮನೆಯೊಳಗಿನ ಕಾಂತಕ್ಷೇತ್ರವನ್ನು ಅಳೆದು ಅಥವಾ ಲೈನಿನ ಕರೆಂಟ್ ಮತ್ತು ದೂರದಿಂದ ಲೆಕ್ಕ ಹಾಕಿ ಮಾಡಿದ್ದು. ಹಾಗಾಗಿ ನಾನು ಗೌರವದಿಂದಲೇ ಓದುತ್ತೇನೆ. ಕಾಂತಕ್ಷೇತ್ರ 0.4 ಮೈಕ್ರೋಟೆಸ್ಲಾ (ಅದನ್ನು ಅಳೆಯುವ ಮಾನ) ದಾಟಿದ ಮನೆಗಳಲ್ಲಿ ಅಪಾಯ ಸುಮಾರು ಎರಡು ಪಟ್ಟು ಎಂದು ಬಂತು. ಆದರೆ ರೋಗ ಬಂದ 3,247 ಮಕ್ಕಳಲ್ಲಿ ಅಂಥ ಮನೆಯವರು 44 ಮಂದಿ ಮಾತ್ರ. ಇಷ್ಟು ಚಿಕ್ಕ ಗುಂಪಿನಲ್ಲಿ, ಹೋಲಿಕೆಗೆ ಬರಲು ಒಪ್ಪಿದ ಮನೆಗಳು ಯಾವುವು, ಒಪ್ಪದ ಮನೆಗಳು ಯಾವುವು ಎಂಬುದೇ ಫಲಿತಾಂಶವನ್ನು ಎಳೆದುಬಿಡಬಹುದು. ಅದಕ್ಕೇ ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ ಇಂಥ ಕಾಂತಕ್ಷೇತ್ರವನ್ನು 2ಬಿ ಗುಂಪಿಗೆ ಹಾಕಿತು, ಅಂದರೆ "ಇರಬಹುದು, ಸಾಕಷ್ಟು ಸಾಕ್ಷ್ಯ ಇಲ್ಲ". ಮೊಬೈಲ್ ಅಲೆಯನ್ನೂ 2011ರಲ್ಲಿ ಇದೇ ಗುಂಪಿಗೆ ಹಾಕಿದರು. ಈ ಗುಂಪುಗಳು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂದು, ಅಪಾಯ ಎಷ್ಟು ದೊಡ್ಡದು ಎಂದು ಅಲ್ಲ.

ಅದೇ ಸಂಸ್ಥೆ ಒಂದನೇ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಾತ್ರಿ ಎಂಬ ಗುಂಪಿಗೆ, ಅಡಿಕೆಯನ್ನು ಹಾಕಿದೆ. ಇದನ್ನು ಬೆಳೆಗಾರರ ಮುಂದೆ ಹೇಳುವುದು ನನಗೆ ಸುಲಭ ಆಗಿರಲಿಲ್ಲ. ಆದರೂ ಹೇಳಿದೆ. ಬಾಯಿಯ ಕ್ಯಾನ್ಸರ್ ರೋಗಿಗಳನ್ನು ನಮ್ಮ ಮೆಷಿನ್ ಮೇಲೆ ಮಲಗಿಸುವವಳು ನಾನು. ಐಎಆರ್‌ಸಿಯ ಒಂದು ಪಟ್ಟಿ ಬೇಕು, ಇನ್ನೊಂದು ಪಟ್ಟಿ ಬೇಡ ಎಂದರೆ ಆಗುವುದಿಲ್ಲ ಅಲ್ವಾ? ಅವರ ಜಮೀನಿನ ಹಕ್ಕಿನ ಪ್ರಶ್ನೆ ಅದರಷ್ಟಕ್ಕೇ ಗಟ್ಟಿ ಇದೆ, ಅದಕ್ಕೆ ಕ್ಯಾನ್ಸರಿನ ಊರುಗೋಲು ಬೇಕಾಗಿಲ್ಲ ಎಂದೂ ಹೇಳಿದೆ.

ಸಿಟಿ ಸ್ಕ್ಯಾನ್ ಬಗ್ಗೆ ಕೇಳುವ ಅಮ್ಮಂದಿರಿಗೆ ಬೇರೆ ರೀತಿ ವಿವರಿಸಬೇಕಾಗುತ್ತದೆ, ಯಾಕೆಂದರೆ ಅಲ್ಲಿ ಅಪಾಯ ನಿಜವಾಗಿಯೂ ಇದೆ. ಇಲ್ಲಿ ನಾನು ಎರಡು ವಿಷಯ ಹುಡುಕುತ್ತೇನೆ. ಒಂದು, ಸ್ಕ್ಯಾನಿನಿಂದ ಗಡ್ಡೆ ಬಂತೋ, ಒಳಗೆ ಆಗಲೇ ಇದ್ದ ಗಡ್ಡೆಯ ಲಕ್ಷಣಕ್ಕೆ ಸ್ಕ್ಯಾನ್ ಮಾಡಿಸಿದರೋ? ಒಳ್ಳೆಯ ಅಧ್ಯಯನಗಳು ಸ್ಕ್ಯಾನ್ ಆದ ಮೇಲಿನ ಮೊದಲ ಕೆಲವು ವರ್ಷ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡು, "ಇಷ್ಟು ಪಟ್ಟು ಜಾಸ್ತಿ" ಎನ್ನುವ ಬದಲು ಎಷ್ಟು ಮಕ್ಕಳಲ್ಲಿ ಎಷ್ಟು ಮಂದಿ ಎಂದು ಹೇಳಿದ್ದಾರಾ? ಯುರೋಪಿನ ಎಪಿ-ಸಿಟಿ ಅಧ್ಯಯನ ಒಂಬತ್ತು ಲಕ್ಷಕ್ಕೂ ಮಿಕ್ಕಿದ ಮಂದಿಯ ಸ್ಕ್ಯಾನ್ ದಾಖಲೆಗಳಿಂದ ಡೋಸ್ ಲೆಕ್ಕ ಹಾಕಿತು. ಅದರ ಪ್ರಕಾರ ಈಗಿನ ಡೋಸ್‌ನಲ್ಲಿ ಸ್ಕ್ಯಾನ್ ಆದ 10,000 ಮಕ್ಕಳಲ್ಲಿ, ಮುಂದಿನ 12 ವರ್ಷದಲ್ಲಿ ಒಬ್ಬರಿಂದ ಇಬ್ಬರಿಗೆ ಆ ಕಾರಣದಿಂದ ರಕ್ತದ ಕ್ಯಾನ್ಸರ್ ಬರಬಹುದು. ಈ ವಾಕ್ಯ ಕೇಳಿದ ಅಮ್ಮ ತಾನೇ ತೂಗಿ ನೋಡಬಲ್ಲಳು. ತಲೆಗೆ ಪೆಟ್ಟು ಬಿದ್ದು ವಾಂತಿ ಮಾಡುತ್ತಿರುವ ಮಗುವಿಗೆ ಸ್ಕ್ಯಾನ್ ಬೇಕೇ ಬೇಕು. ಸುಮ್ನೆ ಒಂದು ಸಲ ನೋಡುವ ಎಂದಾದರೆ, ಅಲ್ಟ್ರಾಸೌಂಡ್ ಸಾಕಾಗುತ್ತದಾ ಎಂದು ಡಾಕ್ಟರನ್ನು ಕೇಳಬಹುದು.

ನನಗೆ ಅತಿ ಕಷ್ಟ ಕೊಡುವುದು ಎರಡು ಒಳ್ಳೆಯ ಅಧ್ಯಯನಗಳು ಬೇರೆ ಬೇರೆ ಮಾತು ಹೇಳಿದಾಗ. ಉಳ್ಳಾಲದ ಸಮುದ್ರದ ಮರಳಿನಲ್ಲಿ ಮೊನಜೈಟ್ ಎಂಬ ವಿಕಿರಣ ಸೂಸುವ ಖನಿಜ ಇರುವ ಜಾಗಗಳಿವೆ, ಅಲ್ಲಿ ಸಹಜ ವಿಕಿರಣ ಜಾಸ್ತಿ. ಮಂಗಳೂರು ವಿಶ್ವವಿದ್ಯಾಲಯದವರು ಇದನ್ನು ಅಳೆದು 1993ರಲ್ಲೇ ಪ್ರಕಟಿಸಿದ್ದಾರೆ. ಅಲ್ಲಿನ ಪರಿಚಯದವರೊಬ್ಬರು "ಮನೆ ಮಾರಿ ಹೋಗಬೇಕಾ ಅಕ್ಕ?" ಎಂದು ಕೇಳಿದರು. ನಾನು ಕೇರಳದ ಕರುನಾಗಪಳ್ಳಿಯ ಅಧ್ಯಯನ ತೆಗೆದೆ. ಅದೇ ಮೊನಜೈಟ್, ಇನ್ನೂ ಜಾಸ್ತಿ. ಮನೆ ಮನೆಯ ಒಳಗೂ ಹೊರಗೂ ಅಳೆದು, ಬೀಡಿ-ಸಿಗರೇಟಿನ ಅಭ್ಯಾಸವನ್ನೂ ಕೇಳಿ, ಸುಮಾರು 70,000 ಜನರನ್ನು ಸರಾಸರಿ ಹತ್ತು ವರ್ಷಕ್ಕೂ ಮೇಲೆ ಹಿಂಬಾಲಿಸಿದರು. 2009ರ ವರದಿಯಲ್ಲಿ ಕ್ಯಾನ್ಸರ್ ಹೆಚ್ಚಳ ಕಾಣಲಿಲ್ಲ. ಇನ್ನೊಂದು ಕಡೆ ಇನ್‌ವರ್ಕ್ಸ್: ಫ್ರಾನ್ಸ್, ಬ್ರಿಟನ್, ಅಮೆರಿಕದ ಮೂರು ಲಕ್ಷಕ್ಕೂ ಹೆಚ್ಚು ಅಣು ಕಾರ್ಮಿಕರು. ಡೋಸ್ ಗೊತ್ತಾದದ್ದು, ನಾನು ಎದೆಗೆ ಹಾಕಿಕೊಳ್ಳುವಂಥ ಬ್ಯಾಡ್ಜ್‌ಗಳಿಂದ. 2023ರಲ್ಲಿ ಅವರು ಕಂಡದ್ದು, ಒಂದು ಗ್ರೇಗೆ (ಗ್ರೇ ಎಂದರೆ ವಿಕಿರಣದ ಡೋಸ್ ಅಳೆಯುವ ಮಾನ) ಶೇಕಡಾ 52ರಷ್ಟು ಹೆಚ್ಚು ಕ್ಯಾನ್ಸರ್ ಸಾವು, ರಕ್ತದ ಕ್ಯಾನ್ಸರ್ ಬಿಟ್ಟು.

ಇಂಥ ಹೊತ್ತಿನಲ್ಲಿ ನಾನು ಅಂದಾಜಿನ ಎರಡು ತುದಿ, ಅಂದರೆ ನಿಜವಾದ ಸಂಖ್ಯೆ ಎಲ್ಲಿಂದ ಎಲ್ಲಿಯ ತನಕ ಇರಬಹುದು ಎಂದು ನೋಡುತ್ತೇನೆ. ಇನ್‌ವರ್ಕ್ಸ್‌ನದ್ದು ಒಂದು ಗ್ರೇಗೆ ಶೇಕಡಾ 27ರಿಂದ 77. ಕರುನಾಗಪಳ್ಳಿಯದ್ದು ಮೈನಸ್ 58ರಿಂದ ಪ್ಲಸ್ 46. ಒಂದು ಸಾವನ್ನು ಎಣಿಸಿದ್ದು, ಇನ್ನೊಂದು ರೋಗವನ್ನು, ಆದರೂ 27ರಿಂದ 46ರ ನಡುವೆ ಎರಡೂ ಒಂದರ ಮೇಲೊಂದು ಬರುತ್ತವೆ. ಹಾಗಾಗಿ ಕರುನಾಗಪಳ್ಳಿಯ ಅಧ್ಯಯನ ಅಪಾಯ ಇಲ್ಲವೆಂದು ಸಾಬೀತು ಮಾಡಿಲ್ಲ. ಇದ್ದರೆ ಅದು ಚಿಕ್ಕದು, ಆ ಜನಸಂಖ್ಯೆಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದು ಎಂದು ತೋರಿಸಿದೆ. ಉಳ್ಳಾಲದವರಿಗೆ ಮನೆ ಮಾರಬೇಡಿ ಎಂದೆ, ಈ ಸಂಖ್ಯೆಗಳನ್ನೂ ಬರೆದು ಕೊಟ್ಟೆ. ಮನೆಯಲ್ಲಿ ಸಿಗರೇಟು ಸೇದುವವರು ಇದ್ದಾರಾ ಎಂದೂ ಕೇಳಿದೆ. ಇದ್ದರು. ಆಮೇಲೆ ನಮ್ಮ ಮಾತೆಲ್ಲ ಅದರ ಬಗ್ಗೆಯೇ ಆಯಿತು.