ಪುಣೆಯಲ್ಲಿ ಲಕ್ವಾ ಹೊಡೆದರೆ ಗೇಟಿನೆದುರಿನ ನರ್ಸಿಂಗ್ ಹೋಮಿಗೆ ಓಡಬೇಡಿ

ಬಾಯಿ ಸೊಟ್ಟಗಾಗುವುದು, ಕೈ ಜೋತುಬೀಳುವುದು, ಮಾತು ತೊದಲುವುದು ಎಲ್ಲರಿಗೂ ಗೊತ್ತು. ಆಮೇಲೆ ಎಲ್ಲಿಗೆ ಓಡಬೇಕೆಂಬುದೇ ಗೊತ್ತಿರುವುದಿಲ್ಲ. ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್ ಅನ್ನುವ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಅದು ಎಷ್ಟು ದೊಡ್ಡ ಅನುಕೂಲವೆಂದು ಇಲ್ಲಿಗೆ ಬಂದಮೇಲೆಯೇ ತಿಳಿದದ್ದು. ಕಳೆದ ತಿಂಗಳು ಪಕ್ಕದ ಬಿಲ್ಡಿಂಗಿನ ವಿಜಯಪುರದವರೂ ನಾನು ಮಾಡಿದ ತಪ್ಪನ್ನೇ ಮಾಡಿದರು; ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಏಳಕ್ಕೆ ಅಪ್ಪನನ್ನು ಸೊಸೈಟಿ ಎದುರಿನ ನರ್ಸಿಂಗ್ ಹೋಮಿಗೆ ಒಯ್ದೆ. ಸಲೈನ್ ಹಚ್ಚಿದರು, ಇಪ್ಪತ್ತು ಸಾವಿರ ಡೆಪಾಸಿಟ್ ಕಟ್ಟಿಸಿಕೊಂಡರು. ಸ್ಕ್ಯಾನಿಗೆ ಬೇರೆ ಸೆಂಟರ್. ರಿಪೋರ್ಟ್ ಬಂದಮೇಲೆ 'ದೊಡ್ಡ ನಾಳ ಬ್ಲಾಕ್ ಆಗಿದೆ, ದೊಡ್ಡ ಆಸ್ಪತ್ರೆಗೆ ಒಯ್ಯಿರಿ' ಎಂದರು. ಬಿಲ್ ಚುಕ್ತಾ ಆಗದೆ ಕಾಗದ ಕೈಗೆ ಬರಲಿಲ್ಲ. ಮೂರೂವರೆ ತಾಸು ಅಲ್ಲೇ ಮಣ್ಣುಪಾಲು.

ನಾಳ ಮುಚ್ಚಿದ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ 4.5 ತಾಸಿನ ಗಡುವು. ಮಿದುಳಿನ ದೊಡ್ಡ ರಕ್ತನಾಳ ಮುಚ್ಚಿದ್ದರೆ ಅದೊಂದೇ ಎಷ್ಟೋ ಸಲ ಸಾಲದು. ತೊಡೆಸಂದಿಯಿಂದ ಕ್ಯಾಥೆಟರ್ ಎಂಬ ಸಣ್ಣ ಕೊಳವೆ ಏರಿಸಿ, ಹೆಪ್ಪಿನೊಳಗೆ ತಂತಿಬಲೆಯಂಥ ಸ್ಟೆಂಟ್ ರಿಟ್ರೀವರ್ ಬಿಚ್ಚಿ, ಹೆಪ್ಪು ಸಿಕ್ಕಿಕೊಂಡಮೇಲೆ ಹಿಂದಕ್ಕೆಳೆಯುತ್ತಾರೆ. ಇಲ್ಲವೇ ಹೀರಿ ತೆಗೆಯುತ್ತಾರೆ. ಇದಕ್ಕೆ ಮೊದಲು 6 ತಾಸು ಎನ್ನುತ್ತಿದ್ದರು. ಡಾನ್, ಡಿಫ್ಯೂಸ್ 3 ಎಂಬ ವೈದ್ಯಕೀಯ ಪ್ರಯೋಗಗಳಾದಮೇಲೆ, 2018ರಿಂದ, ಸ್ಕ್ಯಾನಿನಲ್ಲಿ ಮಿದುಳಿನ ಉಳಿಸಬಹುದಾದ ಭಾಗ ಕಂಡ ಕೆಲವರಿಗೆ 24 ತಾಸಿನವರೆಗೂ ಮಾಡುತ್ತಾರೆ. ಇಪ್ಪತ್ತನಾಲ್ಕು ಇದೆಯಲ್ಲ ಎಂದು ಕೂತಿರೋ, ಕೆಟ್ಟಿರಿ.

ತಾಸು ಎಣಿಸುವುದು ನೀವು ನೋಡಿದಾಗಿನಿಂದಲ್ಲ, ರೋಗಿ ಕೊನೆಯ ಸಲ ಸರಿಯಾಗಿದ್ದಾಗಿನಿಂದ. ದೊಡ್ಡ ಆಸ್ಪತ್ರೆಯಲ್ಲಿ ಕೇಳಿದಾಗ ನಾನು 'ರಾತ್ರಿ ಹತ್ತಕ್ಕೆ ಮಲಗಿದರು' ಎಂದೆ. ಹಿಂದಿನಿಂದ ಅವ್ವ, 'ಐದಕ್ಕ ಎದ್ದು ಹಾಲಿನ ಪಾಕೀಟ್ ಒಳಗ ತಂದಾರಲ್ಲೋ!' ಅಂದಳು. ಏಳು ತಾಸು ವಾಪಸು ಸಿಕ್ಕಿತು. ಆದರೂ ಇಂಜೆಕ್ಷನ್ನಿನ ಗಡುವು ದಾಟಿತ್ತು. ನೇರ ದೊಡ್ಡ ಆಸ್ಪತ್ರೆಗೆ ಹೋಗಿದ್ದರೆ ಅದೂ ಸಿಗುತ್ತಿತ್ತು. ಹೆಪ್ಪು ತೆಗೆದರು, ಅಪ್ಪ ನಡೆಯುತ್ತಾರೆ. ಬಲಗೈ ಮಾತ್ರ ಇನ್ನೂ ಚಹಾದ ಕಪ್ಪು ಹಿಡಿಯುವುದಿಲ್ಲ.

ಇವತ್ತೇ ಎರಡು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಟ್ಟುಕೊಳ್ಳಿ: 'ಲಕ್ವಾ ಝಾಲಾ ತರ್ ಸಿಟಿ ಅಂಜಿಯೋ ಆಣಿ ಕ್ಯಾಥ್‌ಲ್ಯಾಬ್ ರಾತ್ರೀ ಪಣ್ ಚಾಲೂ ಅಸತೇ ಕಾ?' (ಲಕ್ವಾ ಹೊಡೆದರೆ ರಕ್ತನಾಳ ತೋರಿಸುವ ಸ್ಕ್ಯಾನ್, ಕ್ಯಾಥೆಟರ್ ಏರಿಸಿ ಹೆಪ್ಪು ತೆಗೆಯುವ ಕೋಣೆ ರಾತ್ರಿಯೂ ನಡೆಯುತ್ತವೆಯೇ?) ಹೊರಡುವಾಗ ಮತ್ತೆ ಫೋನ್ ಮಾಡಿ, ಯಂತ್ರ ಕೆಟ್ಟಿರಬಹುದು. ಆಂಬುಲೆನ್ಸಿಗೆ ಇಲ್ಲಿಯೂ 108. ದಾರಿಯಲ್ಲಿ ನೀರು, ಬಿಪಿ ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ.

ಖರ್ಚು ಲಕ್ಷಗಳಲ್ಲಿ. ಇಲ್ಲಿನ ಸರ್ಕಾರದ ಚಿಕಿತ್ಸಾ ನೆರವು, ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ, ಮಹಾರಾಷ್ಟ್ರದ ನಿವಾಸಿಗಳಿಗೆ. ಊರಿನ ರೇಷನ್ ಕಾರ್ಡ್ ಹಿಡಿದು ಕೌಂಟರಿನಲ್ಲಿ ವಾದಿಸಬೇಡಿ. ವಿಮೆಯಿದ್ದರೆ, ಕ್ಯಾಶ್‌ಲೆಸ್ ಅರ್ಜಿಗೆ ಒಂದು ತಾಸಿನೊಳಗೆ ಉತ್ತರ ಕೊಡಬೇಕೆಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಹೇಳಿದೆ. ಆ ಒಂದು ತಾಸೂ ಕಾಯದೆ ಒಪ್ಪಿಗೆಪತ್ರಕ್ಕೆ ಸಹಿ ಹಾಕಿ, ಅಪ್ಪನನ್ನು ಒಳಗೆ ಕಳಿಸಿ.