ಅಜ್ಜನ ಬ್ರನೋ ಕೋವಿಗೆ ಸ್ಕೋಪ್ ಕೂರಿಸಿದ್ದು

ಕಾಗದಪತ್ರ ಎಲ್ಲ ನನ್ನ ಹೆಸರಿಗೆ ಆದ ಮೇಲೆ ಅಜ್ಜನ ಕೋವಿ ನನ್ನ ಕೈಗೆ ಬಂತು. ಚೆಕೊಸ್ಲೊವಾಕಿಯಾದಲ್ಲಿ ಮಾಡಿದ ಬ್ರನೋ ಮಾಡೆಲ್ 2, ಪಾಯಿಂಟ್ 22 ರೈಫಲ್. ಕೊಡಗಿನ ಮಳೆ ಗೊತ್ತಲ್ವಾ? ಬಟ್ಟೆ ಚೀಲದೊಳಗೆ ಎರಡು ಮಳೆಗಾಲ ಕಳೆದಿತ್ತು. ನಳಿಗೆ ತುಂಬ ಕೆಂಪು ತುಕ್ಕು, ಮರದ ಹಿಡಿಗೆ ಬೂಷ್ಟು.

ಮೊದಲು ತೋಟೆ ತುಂಬುವ ಮ್ಯಾಗಜಿನ್, ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟ್ ಎರಡೂ ತೆಗೆದೆ. ಒಳಗೆ ತೋಟೆ ಇಲ್ಲವೆಂದು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಕೆಲಸ ಶುರು.

ತುಕ್ಕಿಗೆ ಎಮರಿ ಕಾಗದ ಹಾಕು ಅಂದರು ಗೆಳೆಯರು. ನಾನು ಒಪ್ಪಲಿಲ್ಲ. ಎಮರಿ ತುಕ್ಕಿನ ಜೊತೆ ಆ ಹಳೆಯ ಕಪ್ಪು ಬಣ್ಣವನ್ನೂ ತಿಂದುಬಿಡುತ್ತದೆ. ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟೆ. ಆಮೇಲೆ ತೀರಾ ನಯವಾದ ಸ್ಟೀಲ್ ವುಲ್‌ನಿಂದ ಮೆಲ್ಲಗೆ ಉಜ್ಜಿದೆ. ಕೆಲವು ಕಡೆ ಸಣ್ಣ ಗುಳಿ ಉಳಿದವು. ಹಾಗೇ ಬಿಟ್ಟೆ, ತೆಗೆದ ಉಕ್ಕು ತಿರುಗಿ ಬರುವುದಿಲ್ಲ. ನಳಿಗೆಯ ಒಳಗನ್ನು ಯಾವಾಗಲೂ ಬೋಲ್ಟ್ ಕಡೆಯಿಂದಲೇ ತೊಳೆಯಬೇಕು. ಬಾಯಿಯ ಅಂಚು ಕಡ್ಡಿಗೆ ತಾಗಿ ಸವೆದರೆ ಗುರಿಯೇ ಕೆಡುತ್ತದೆ.

ಹಿಡಿಯ ತಗ್ಗುಗಳ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದೆ. ಆವಿಗೆ ಮರ ಉಬ್ಬಿ ಮೇಲೆ ಬಂತು. ನಂತರ ದಿನಕ್ಕೊಂದರಂತೆ ಐದು ಸಲ ಅಗಸೆ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ಆಮೇಲೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು. ಅದನ್ನು ಹಿಡಿದಿಡುವ ಮೌಂಟ್ ಕೂರಿಸಲು ಈ ಕೋವಿಯ ಮೇಲ್ಭಾಗದಲ್ಲೇ 11 ಮಿ.ಮೀ. ಗಾಡಿಗಳಿವೆ (ಉದ್ದಕ್ಕೆ ಕೊರೆದ ಗೀರುಗಳು), ತೂತು ಕೊರೆಯುವ ಗೋಜಿಲ್ಲ. ನಾನು ಮೊದಲು ತಂದ ಮೌಂಟ್ 20 ಮಿ.ಮೀ. ರೈಲಿನದ್ದು, ಕೂರಲೇ ಇಲ್ಲ. ಸರಿಯಾದದ್ದು ತಂದರೆ, ಮುಂದಿನ ಗಾಜು 40 ಮಿ.ಮೀ. ಇದ್ದ ಸ್ಕೋಪಿನ ಮೂತಿ ನಳಿಗೆಯ ಮೇಲೆ ಗುರಿ ಹಿಡಿಯಲು ಇರುವ ಹಿಂದಿನ ಸೈಟಿಗೆ ತಾಗಿತು. ಸೈಟ್ ಕಳಚಲು ಮನಸ್ಸಾಗಲಿಲ್ಲ, 32ರ ಸ್ಕೋಪ್ ತಂದೆ. ಜಗಲಿಯಲ್ಲಿ ತೂಕದ ದಾರ ಇಳಿಬಿಟ್ಟು, ಸ್ಕೋಪಿನ ನಿಂತ ಗೆರೆಯನ್ನು ಅದಕ್ಕೆ ಹೊಂದಿಸಿದೆ.

ಶೂಟಿಂಗ್ ರೇಂಜಿನಲ್ಲಿ 50 ಮೀಟರಿಗೆ ಇಟ್ಟು ಹೊಡೆದರೆ ಗುಂಡುಗಳು ಊರೆಲ್ಲ ಅಲೆದವು. ಮೂರು ಒಂದೆಡೆ, ನಾಲ್ಕನೆಯದು ಬೇರೆಡೆ. ನಳಿಗೆಯೇ ಸವೆದಿದೆ ಅಂದುಕೊಂಡು ತುಂಬ ಬೇಜಾರಾಯಿತು. ಕೊನೆಗೆ ಮೌಂಟಿನ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಹತ್ತು ತೋಟೆ ಹೊಡೆದೆ. ಮೌಂಟ್ ಕೂದಲೆಳೆಯಷ್ಟು ಮುಂದೆ ಸರಿದಿತ್ತು! ತುಕ್ಕು ಹಿಡಿಯದಿರಲಿ ಎಂದು ಗಾಡಿಗೆ ಜಾಸ್ತಿ ಎಣ್ಣೆ ಹಚ್ಚಿದ್ದೆ, ಅದೇ ಜಾರುತ್ತಿತ್ತು. ಸ್ಪಿರಿಟ್‌ನಿಂದ ಒರೆಸಿ, ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಆಮೇಲೆ ಐದು ಗುಂಡೂ ಒಂದೇ ಕಡೆ, ಐದು ಸೆಂಟಿಮೀಟರ್ ಎಡಕ್ಕೆ ಬಿದ್ದವು. ನನ್ನ ಸ್ಕೋಪ್ ಕಾಲು ಮಿನಿಟ್ ಕ್ಲಿಕ್‌ನದ್ದು, ಅಂದರೆ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ ಗುರಿ ಕಾಲು ಮಿನಿಟ್ ಕೋನದಷ್ಟು (ಒಂದು ಡಿಗ್ರಿಗೆ 60 ಮಿನಿಟ್) ಸರಿಯುತ್ತದೆ. 50 ಮೀಟರಿನಲ್ಲಿ ಒಂದು ಕ್ಲಿಕ್‌ಗೆ ಸುಮಾರು 3.6 ಮಿ.ಮೀ. ಹದಿನಾಲ್ಕು ಕ್ಲಿಕ್ ತಿರುಗಿಸಿದೆ, ನಡುವಿಗೆ ಬಂತು.

ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ದೀಪದ ಮುಂದಿಟ್ಟೆವು. ಬಟ್ಟೆ ಚೀಲ ಈಗ ಇಲ್ಲ. ಕೋವಿ ಇರುವ ಬೀಗದ ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟಿದ್ದೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನಳಿಗೆ ಒರೆಸುತ್ತೇನೆ, ಗಾಡಿಗೆ ಮಾತ್ರ ಎಣ್ಣೆ ಸೋಕಿಸುವುದಿಲ್ಲ.