ಹಳೇ ಗೋಡೆಗೆ ಗಾರೆ ಹಚ್ಚೋದು ಹೇಗೆ?

ಧಾರವಾಡದ ನಮ್ಮ ಹಳೇ ಮನೆಯ ಪಡಸಾಲೆ ಗೋಡೆ ಕಲ್ಲು-ಮಣ್ಣಿನದು. ಗೌಂಡಿ ಮಾತು ಕೇಳಿ ಅದಕ್ಕೆ ಸಿಮೆಂಟ್ ಬಡಿಸಿದೆ. ಎರಡೇ ಮಳೆಗಾಲಕ್ಕೆ, ಮೊಣಕಾಲತನಕ ಇದ್ದ ತೇವ ಸೊಂಟಕ್ಕೆ ಏರಿತು. ಹೊರಗೆ ಆರಲು ದಾರಿ ಇಲ್ಲ, ಒಳಗೊಳಗೇ ಮೇಲೆ ಹತ್ತಿತ್ತು.

ಮಗಳನ್ನು ನೋಡಲು ಫ್ರಾನ್ಸಿನ ಲಿಯಾನ್‌ಗೆ ಹೋದಾಗಲೂ ತಲೆಯಲ್ಲಿ ಇದೇ ಗೋಡೆ. ಅಲ್ಲಿನ ಹಳೇ ಪೇಟೆಯಲ್ಲಿ 'ಒತೆಲ್ ಬುಲಿಯು' ಅಂತ ಒಂದು ಮನೆ ಇದೆ. ಒತೆಲ್ ಅಂದರೆ ಸಿರಿವಂತರ ವಾಡೆಯಂತೆ. ನಾನು ಚಹಾ ಸಿಗುತ್ತೆ ಅಂದುಕೊಂಡಿದ್ದೆ! 1536ರಲ್ಲಿ ಫಿಲಿಬೇರ್ ದ ಲೋರ್ಮ್ ಎಂಬ ವಾಸ್ತುಶಿಲ್ಪಿ ಅದರ ಅಂಗಳದಲ್ಲಿ ಕಮಾನಿನ ಮೊಗಸಾಲೆ ಕಟ್ಟಿದ. ನೆಲಕ್ಕೆ ಕಂಬ ಊರಲಿಲ್ಲ, ಗೋಡೆಯಿಂದ ಚಾಚಿದ ಕಲ್ಲಿನ ಮೇಲೇ ಕೂರಿಸಿದ. ಅಂಗಳ ಹಾಗೇ ಉಳೀತು. 1964ರಲ್ಲಿ ಆ ಪೇಟೆ ಫ್ರಾನ್ಸಿನ ಮೊದಲ ಸಂರಕ್ಷಿತ ವಲಯವಾಯಿತು. ಅಲ್ಲಿ ಹೊರಗಿನ ಕಿಟಕಿ ಬದಲಿಸೋಕೂ ಸರಕಾರದ ವಾಸ್ತುಶಿಲ್ಪಿ ಒಪ್ಪಬೇಕು. ನಮ್ಮ ಮನೆಗೆ ಅಂಥವರು ಯಾರೂ ಇಲ್ಲ, ನಾವೇ ನೋಡ್ಕೋಬೇಕು ಅಲ್ವಾ?

ಇಂಥ ಗೋಡೆಗೆ ಸಿಮೆಂಟ್ ಕಿತ್ತು, ತೇವ ಹೊರಗೆ ಆರಲು ಬಿಡುವ ಸುಣ್ಣದ ಗಾರೆಯನ್ನೇ ಹಚ್ಚಬೇಕು. ಕೆಲಸ ದೀಪಾವಳಿ ಮುಗಿದ ಮೇಲೆ ಹಿಡಿಯಿರಿ. ಮಳೆಯಲ್ಲಿ ಗಾರೆ ಆರಲ್ಲ, ಬಿಸಿಲಲ್ಲಿ ಬಿರಿಯುತ್ತೆ. ಸುಣ್ಣವನ್ನು ಮಾತ್ರ ಎರಡು ತಿಂಗಳು ಮೊದಲೇ ನೆನೆಹಾಕಿ. ಕಬ್ಬಿಣದ ಡ್ರಮ್ಮಿನಲ್ಲಿ ನೀರು ತುಂಬಿ, ಸುಟ್ಟ ಸುಣ್ಣದ ಹೆಂಟೆಗಳನ್ನು ಒಂದೊಂದೇ ಬಿಡಿ. ಸುಣ್ಣದ ಮೇಲೆ ನೀರು ಸುರಿಯೋದು ಬೇಡ, ಸಿಡಿಯುತ್ತೆ. ಕನ್ನಡಕ, ಕೈಗವಸು ಬೇಕೇ ಬೇಕು. ಕೊತಕೊತ ಕುದಿದು ತಣ್ಣಗಾದ ಮೇಲೆ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ಕೈಗೆ ಬೆಣ್ಣೆಯಂತೆ ಸಿಕ್ಕರೆ ಹದ ಬಂತು ಅಂತ ತಿಳಿಯಿರಿ.

ಈಗ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ. ಡಬ್ ಅಂದ ಕಡೆ ಸಿಮೆಂಟ್ ಬಿಟ್ಟಿದೆ, ಅಲ್ಲಿಂದ ಉಳಿ ಹಾಕಿ. ಎಲ್ಲಾ ತೆಗೆದ ಮೇಲೆ ಕೆಲವು ವಾರ ಸುಮ್ನೆ ಬಿಡಿ. ಬಿಳಿ ಉಪ್ಪು ಕಂಡರೆ ಒಣ ಬ್ರಷ್‌ನಿಂದ ಉಜ್ಜಿ. ತೊಳೆದರೆ ಮತ್ತೆ ಒಳಗೇ ಇಳಿಯುತ್ತೆ.

ಸುಣ್ಣ ಒಂದು ಪಾಲು, ಉಸುಕು ಮೂರು ಪಾಲು. ಚೆನ್ನಾಗಿ ತುಳಿದು ಕಲಸಿ, ನೀರು ಜಾಸ್ತಿ ಬೇಡ. ಗೋಡೆಗೆ ನೀರು ಚಿಮುಕಿಸಿ, ಅರ್ಧ ಬೆರಳು ದಪ್ಪಕ್ಕೆ ಹಚ್ಚಿ. ವಾರವಿಡೀ ಒದ್ದೆ ಗೋಣಿಚೀಲ ಇಳಿಬಿಡಿ. ಎರಡನೇ ಪದರಕ್ಕೆ ಅವಸರ ಮಾಡಬೇಡಿ, ಗಾರೆ ಗಾಳಿ ಕುಡಿದೇ ಗಟ್ಟಿಯಾಗೋದು.

ಕೊನೆಗೆ ಸುಣ್ಣವನ್ನೇ ಬಳಿಯಿರಿ. ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಮಾಡಿದ್ದೆಲ್ಲಾ ದಂಡ. ಲಿಯಾನ್‌ನ ಹಳೇ ಗೋಡೆಗಳ ಬಣ್ಣ ಬರಲಿ ಅಂತ ನಾನು ಒಂಚೂರು ಕೆಮ್ಮಣ್ಣು ಬೆರೆಸಿದೆ. ಮನೆಯವಳು ನೋಡಿ, "ಗುಡಿ ಗ್ವಾಡಿ ಆತಲ್ರೀ!" ಅಂದಳು.